ಕಬ್ಬಿನ ಟ್ರ್ಯಾಕ್ಟರ್ ಹತ್ತಿದ ಗುಟ್ಟು

೨೦೧೨ರ ಡಿಸೆಂಬರ್. ನಾನಾಗ ಚಿಕ್ಕೋಡಿಯ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಿದ್ದೆ. ಎಂಟಡಿ ಅಗಲ, ಹತ್ತಡಿ ಉದ್ದ. ಅದು ಮೊದಲು ನನ್ನ ತಂದೆಯವರ ರೇಡಿಯೋ ರಿಪೇರಿ ಅಂಗಡಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ನಾನು ಅಲ್ಲಿ ಕುಳಿತ ಹೊಸತರಲ್ಲಿ "ಹೆಣ್ಣಮಗಳು ಏನ ರಿಪೇರಿ ಮಾಡತಾಳ?" ಎಂದು ನಕ್ಕವರೇ ಆಮೇಲೆ ಸರದಿಯಲ್ಲಿ ನಿಂತರು. ಇದಕ್ಕೆ ಕಾರಣ ನನ್ನ ಕೈಚಳಕವಲ್ಲ, ಮೊದಲೇ ಹೇಳಿಬಿಡುತ್ತೇನೆ. ನನಗಿಂತ ಚೆನ್ನಾಗಿ ಸೋಲ್ಡರ್ ಹಿಡಿಯುವವರು ಅದೇ ಸಾಲಿನಲ್ಲಿ ಇಬ್ಬರಿದ್ದರು. ಕಾರಣ ನನ್ನ ಬಾಯಿ, ಅಂದರೆ ಅದು ಮುಚ್ಚಿರುತ್ತಿದ್ದುದು.

ಫೋನು ಬಿಚ್ಚುವವರಿಗೆ ಊರಿನ ಅರ್ಧ ಸಂಸಾರ ಗೊತ್ತಾಗುತ್ತದೆ. ಯಾರ ಫೋನಿನಲ್ಲಿ ಯಾರ ಫೋಟೋ, ಯಾವ ಧಣಿ ಯಾರಿಗೆ ದಿನಕ್ಕೆ ಎಷ್ಟು ಮಿಸ್ಡ್ ಕಾಲ್ ಕೊಡುತ್ತಾನೆ, ಎಲ್ಲ. ನಾನು ಯಾವುದನ್ನೂ ಆಡುತ್ತಿರಲಿಲ್ಲ. "ಬಾಯಾರ ಕಡೆ ಕೊಟ್ಟರ ಮಾತ ಹೊರಗ ಹೋಗೂದಿಲ್ಲ" ಎಂಬ ಹೆಸರಿತ್ತು; ಬಾಯಾರು ಎಂದರೆ ನಮ್ಮ ಕಡೆ ಅಮ್ಮಾವ್ರು ಎಂದಂತೆ. ಆ ಹೆಸರಿನ ಮೇಲೆ ನನಗೆ ಸೊಕ್ಕೂ ಇತ್ತು.

ರಿಪೇರಿಯ ಜೊತೆಗೆ ಇನ್ನೊಂದು ಕಸುಬಿತ್ತು: ಹಾಡು ತುಂಬುವುದು. ಇಂಟರ್ನೆಟ್ ಆಗಿನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಮೆಮರಿ ಕಾರ್ಡನ್ನೋ ಪೆನ್‌ಡ್ರೈವನ್ನೋ ತಂದುಕೊಟ್ಟರೆ ನಮ್ಮ ಕಂಪ್ಯೂಟರಿನಿಂದ ಹಾಡು ತುಂಬಿಕೊಡುತ್ತಿದ್ದೆವು. ಕಬ್ಬು ನುರಿಸುವ ಹಂಗಾಮು ಬಂತೆಂದರೆ ಟ್ರ್ಯಾಕ್ಟರ್ ಚಾಲಕರೇ ಚಾಲಕರು. ಎರಡು ಟ್ರೇಲರ್ ಕಬ್ಬು ಹೇರಿಕೊಂಡು, ಕಾರ್ಖಾನೆಯ ಯಾರ್ಡಿನಲ್ಲಿ ದಿನಗಟ್ಟಲೆ ಪಾಳಿ ಕಾಯಬೇಕಲ್ಲ, ಹಾಡಿಲ್ಲದೆ ಹೇಗೆ? ಅವರಿಗೆ ವಾರಕ್ಕೊಮ್ಮೆ ಹೊಸ ಹಾಡು ಬೇಕು. ನಮಗೆ ಹೊಸ ಹಾಡು ಎಲ್ಲಿಂದ ಬರಬೇಕು? ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಗಿರಾಕಿಗಳ ಕಾರ್ಡಿನಿಂದ. ರಿಪೇರಿಗೆ ಬಂದ ಫೋನಿನ ಕಾರ್ಡನ್ನು ಕಂಪ್ಯೂಟರಿಗೆ ಚುಚ್ಚಿ, ಅದರೊಳಗಿನ ಧ್ವನಿ ಫೈಲುಗಳನ್ನೆಲ್ಲ ಹುಡುಕಿಸಿ, ಒಂದೇ ಏಟಿಗೆ ನಮ್ಮ ಸಂಗ್ರಹಕ್ಕೆ ಇಳಿಸಿಕೊಳ್ಳುವುದು. ನಮ್ಮ ಸಾಲಿನಲ್ಲಿ ಎಲ್ಲರೂ ಮಾಡುತ್ತಿದ್ದರು. ಹಾಡು ತಾನೇ, ಯಾರಪ್ಪನ ಗಂಟು ಎಂದುಕೊಂಡಿದ್ದೆವು.

ಆ ತಿಂಗಳ ಒಂದು ಸೋಮವಾರ ಬಾಳಾಸಾಹೇಬರು ಅಂಗಡಿಗೆ ಬಂದರು. ಹೆಸರು ಬದಲಿಸಿದ್ದೇನೆ. ಬೇಡಕಿಹಾಳದವರು, ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಟೋಕನ್ ಕ್ಲಾರ್ಕ್. ಯಾರ್ಡಿನಲ್ಲಿ ಯಾವ ಗಾಡಿ ಯಾವಾಗ ತೂಕಕ್ಕೆ ಬರಬೇಕೆಂದು ಮೈಕಿನಲ್ಲಿ ಕೂಗುವ ಕೆಲಸ. "ಲಕ್ಷ ಕೊಟ್ಟ ಕೇಳ್ರಿ! ನಂಬರ್ ನಲವತ್ತೆರಡು, ಗಾಡಿ ಮುಂದ ತಗೀರಿ! ಮತ್ತೊಮ್ಮೆ ಹೇಳತೇನಿ, ನಂಬರ್ ನಲವತ್ತೆರಡು!" ಲಕ್ಷವೆಂದರೆ ನಮ್ಮ ಕಡೆ ಗಮನ; ಇಪ್ಪತ್ತೆರಡು ವರ್ಷ ಇದನ್ನೇ ಕೂಗಿದವರು. ಅಥಣಿಯಿಂದ ನಿಪ್ಪಾಣಿವರೆಗೆ ಆ ಗಂಟಲು ಗೊತ್ತಿಲ್ಲದ ಟ್ರ್ಯಾಕ್ಟರ್ ಚಾಲಕನಿಲ್ಲ. ಪಾಳಿ ತಪ್ಪಿಸಿ ನುಗ್ಗಿದವನನ್ನು ಮೈಕಿನಲ್ಲೇ ಹೆಸರು ಹಿಡಿದು ಬೈಯುತ್ತಿದ್ದರಾದ್ದರಿಂದ ಎಲ್ಲರಿಗೂ ಅವರೆಂದರೆ ಹೆದರಿಕೆ.

ಹೊಸ ಟಚ್ ಸ್ಕ್ರೀನ್ ಫೋನು ತಂದಿದ್ದರು. ಚಹಾ ಚೆಲ್ಲಿ ಸ್ಪೀಕರ್ ಕೆಟ್ಟಿತ್ತು. ಕೊಡುವ ಮುನ್ನ ಆಚೆ ಈಚೆ ನೋಡಿ, ಮೈಕಿನ ಮನುಷ್ಯ ಪಿಸುಗುಟ್ಟಿದರು: "ಬಾಯಾರ, ಒಳಗಿಂದು ಯಾರೂ ನೋಡಬಾರದ್ರಿ."

"ನನ್ನ ಅಂಗಡ್ಯಾಗ ಬಂದದ್ದು ಬಾವ್ಯಾಗ ಬಿದ್ದಂಗ್ರಿ," ಎಂದೆ.

ಸಂಜೆಯೊಳಗೆ ಸ್ಪೀಕರ್ ಬದಲಿಸಿ ಕೊಟ್ಟೆ. ಅವರ ಫೋಟೋ ನೋಡಲಿಲ್ಲ, ಮೆಸೇಜು ಓದಲಿಲ್ಲ, ದೇವರಾಣೆ. ಆದರೆ ಹಾಡು ಇಳಿಸಿಕೊಂಡೆ. ಭಜನೆ, ಹಳೆಯ ಮರಾಠಿ ಗೀತೆಗಳು, ಒಳ್ಳೆಯ ಸಂಗ್ರಹವಿತ್ತು. ಆ ಫೋನು, ಮಾಲಿಕರು ರೆಕಾರ್ಡ್ ಮಾಡಿದ ಮಾತನ್ನೂ ಹಾಡಿನ ಹಾಗೆಯೇ ಎಂಪಿತ್ರೀ ಫೈಲಾಗಿ ಉಳಿಸುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಗುರುವಾರ ರಾಯಬಾಗ ಕಡೆಯ ಸದಾಶಿವ ಎಂಬ ಚಾಲಕ ಟ್ರ್ಯಾಕ್ಟರನ್ನು ಅಂಗಡಿಯ ಮುಂದೆಯೇ ನಿಲ್ಲಿಸಿದ. ನಕ್ಕು ನಕ್ಕು ಕಣ್ಣಲ್ಲಿ ನೀರು. "ಬಾಯಾರ, ಈ ಸಲದ ಹಾಡ ಭಾರಿ ಹಿಟ್ ಆಗೇತ್ರಿ! ಯಾರ್ಡ್ ತುಂಬ ಇದನ್ನ ಹಚ್ಯಾರ!" ಎಂದು ಸ್ಟೀರಿಯೋ ದೊಡ್ಡದು ಮಾಡಿದ.

ಭಜನೆ ಮುಗಿಯಿತು. ಗಂಟಲು ಸರಿಪಡಿಸಿಕೊಂಡ ಸದ್ದು. ಆಮೇಲೆ ಬಸ್ ನಿಲ್ದಾಣಕ್ಕೆಲ್ಲ ಕೇಳುವಂತೆ, ಯಾರ್ಡಿನ ಅದೇ ಗಂಟಲು:

"ಶೇವಂತಾ, ಲಕ್ಷ ಕೊಟ್ಟ ಕೇಳು. ಎಮ್ಮಿ ಮಾರಿದ್ದು ತಪ್ಪಾತು. ಮನಿಯಾಗ ಎಮ್ಮಿ ಇಲ್ಲ, ನೀ ಇಲ್ಲ, ಮುಂಜಾನೆ ಎದ್ದರ ಬೈಯವರ ಇಲ್ಲ, ಹೊತ್ತ ಹೋಗವಲ್ದು. ಮತ್ತೊಮ್ಮೆ ಹೇಳತೇನಿ, ತಪ್ಪಾತು."

ಇದರ ಮುಂದೆ ಇನ್ನೂ ಇತ್ತು. ಅದನ್ನು ಬರೆಯಲು ನನಗೆ ಒಪ್ಪಿಗೆಯಿಲ್ಲ. ಇಷ್ಟು ಸಾಲಿಗೆ ಮಾತ್ರ ಗಂಡ ಹೆಂಡತಿ ಇಬ್ಬರೂ ಹೂಂ ಅಂದಿದ್ದಾರೆ. ಇಂಥವು ಒಂದಲ್ಲ, ಹದಿನಾಲ್ಕು ಇದ್ದವು. ಒಂದು ಸರಿಬರಲಿಲ್ಲವೆಂದು ಇನ್ನೊಂದು, ಅದು ಸರಿಬರಲಿಲ್ಲವೆಂದು ಮತ್ತೊಂದು, ಹೀಗೆ ಹೆಂಡತಿಗೆ ತಪ್ಪಾಯಿತು ಎನ್ನುವುದನ್ನು ಬಾಳಾಸಾಹೇಬರು ಹದಿನಾಲ್ಕು ಸಲ ತಾಲೀಮು ಮಾಡಿದ್ದರು. ಮೂರು ದಿನಗಳಲ್ಲಿ ಎಷ್ಟು ಪೆನ್‌ಡ್ರೈವಿಗೆ ತುಂಬಿದ್ದೇನೋ, ಲೆಕ್ಕವಿಟ್ಟವರಾರು?

ಜಗಳದ ಮೂಲ ಸದಾಶಿವನೇ ಹೇಳಿದ. ಶೇವಂತಾಬಾಯಿಗೆ ತವರಿನಿಂದ ಬಂದ ಎಮ್ಮೆಯ ಸಂತಾನದ್ದೊಂದು ಎಮ್ಮೆಯಿತ್ತು. ಬತ್ತಿದ ಎಮ್ಮೆ ಎಂದು ಬಾಳಾಸಾಹೇಬರು ಆಕೆಯನ್ನು ಒಂದು ಮಾತೂ ಕೇಳದೆ ಅದನ್ನು ಮಾರಿ, ಟಚ್ ಸ್ಕ್ರೀನ್ ಫೋನು ತಂದರು. ಶೇವಂತಾಬಾಯಿ ಕೂಗಾಡಲಿಲ್ಲ. "ಆ ಫೋನಿಂದ ಹಾಲ ಹಿಂಡಿ ಚಾ ಮಾಡ್ಕೊಂಡ ಕುಡೀರಿ" ಎಂದಷ್ಟೇ ಹೇಳಿ, ಚೀಲ ಹಿಡಿದು ಕಾಗವಾಡದ ಅಣ್ಣನ ಮನೆಗೆ ಹೋದವರು ನಾಲ್ಕು ತಿಂಗಳಾದರೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಶಟರ್ ಎತ್ತುವ ಮುಂಚೆಯೇ ಬಾಳಾಸಾಹೇಬರು ಬಂದು ನಿಂತಿದ್ದರು. ಮುಖ ಬಾಡಿಹೋಗಿತ್ತು. ಹಿಂದಿನ ದಿನ ಅವರು ಮೈಕ್ ಹಿಡಿದು "ಲಕ್ಷ ಕೊಟ್ಟ ಕೇಳ್ರಿ" ಅಂದದ್ದೇ ತಡ, ಯಾರ್ಡಿನ ನಾಲ್ಕೂ ಮೂಲೆಯಿಂದ "ಕೇಳಾಕತ್ತೇನ್ರೀ ಅನ್ನತಾಳ ಶೇವಂತಾ!" ಎಂದು ಕೂಗು ಎದ್ದಿತ್ತಂತೆ.

"ಬಾಯಾರ, ನೀವ ಕಲತವರದೀರಿ, ಹೇಳ್ರಿ," ಎಂದರು. "ಈ ಫೋನಿನ ಕಂಪನಿಯವರು ದೂರದಾಗ ಕುಂತ ನಮ್ಮ ಮಾತ ಕೇಳತಾರಂತ. ಹೌದೇನ್ರಿ? ಅವರ ನನ್ನ ಮಾತ ಕದ್ದ ಟ್ರ್ಯಾಕ್ಟರಿಗೆ ಹಂಚ್ಯಾರ."

ನೋಡಿ, ದೇವರು ನನಗೆ ಪಾರಾಗಲು ಬಾಗಿಲು ತೆರೆದುಕೊಟ್ಟಿದ್ದ. ಸಮುದ್ರದಾಚೆಯ ಕಂಪನಿ, ಅದಕ್ಕೆ ನಮ್ಮ ಚಿಕ್ಕೋಡಿಯಲ್ಲಿ ಬಯ್ಗುಳ ಬಿದ್ದರೆ ಏನು ನಷ್ಟ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಸೆರಗು ಸರಿಮಾಡಿಕೊಂಡೆ. "ಹೂಂರಿ, ಈಗಿನ ಕಂಪನಿಗೊಳನ್ನ ನಂಬಾಕ ಬರೂದಿಲ್ಲ" ಎಂಬ ಮಾತು ನನ್ನ ಬಾಯಿಂದ ಬಂದೇ ಬಿಟ್ಟಿತು. ಈಗಲೂ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಅವರು ಸ್ಟೂಲಿನ ಮೇಲೆ ಕುಸಿದರು. "ಯಾರ್ಡ್‌ನವರ ನಗಲಿ ಬಿಡ್ರಿ. ನಾಕ ದಿವಸ ನಕ್ಕ ಬಿಡತಾರ. ಆದರ ಆಕಿ ಕಿವಿಗೆ ಬಿತ್ತಂದರ? ನಾಕ ಮಂದ್ಯಾಗ ನನ್ನ ಹೆಸರ ತಗದ ನಗೆಪಾಟಲ ಮಾಡಿದ ಅಂತ ಆಕಿ ಮತ್ತ ನನ್ನ ಹೊಸ್ತಲಾ ತುಳಿಯೂದಿಲ್ಲ. ಈ ಅಮಾಸಿ ಆದಮ್ಯಾಲ ಹೋಗಿ ಕರಕೊಂಡ ಬರೂನು ಅಂತ ಮಾಡಿದ್ದೆ."

ಅವರ ಕಣ್ಣು ತುಂಬಿದ್ದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಕಂಪನಿ ಅಲ್ಲ, ನಾನು. ಹೀಗೆ ಹುಡುಕಿಸಿ, ಹೀಗೆ ಇಳಿಸಿಕೊಂಡು, ಹೀಗೆ ಹಂಚಿದೆ ಎಂದು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬೈಯುತ್ತಾರೆಂದು ಕಾದೆ. ಮೈಕಿನ ಗಂಟಲು, ಬೈದರೆ ಸಂಕೇಶ್ವರದವರೆಗೆ ಕೇಳಬೇಕು.

"ಕಂಪನಿ ಆಗಿದ್ದರ ಚಲೋ ಇತ್ರಿ," ಎಂದರು ಮೆಲ್ಲಗೆ. "ಅದರ ಗುರ್ತ ಇಲ್ಲ, ಸಿಟ್ಟ ಮಾಡಬಹುದಿತ್ತು. ನಿಮ್ಮ ಮ್ಯಾಲ ಹೆಂಗ ಮಾಡಲಿ?"

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರ ಎದುರಿಗೇ ಕಂಪ್ಯೂಟರಿನಲ್ಲಿದ್ದ ಹದಿನಾಲ್ಕನ್ನೂ ಅಳಿಸಿದೆ. ಅಂಗಡಿ ಮುಚ್ಚಿ, ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಕಾರ್ಖಾನೆಯ ಯಾರ್ಡಿಗೆ ಹೋದೆ. ನಡು ಮಧ್ಯಾಹ್ನ, ಅರವತ್ತಕ್ಕೂ ಹೆಚ್ಚು ಗಾಡಿ. ಒಂದೊಂದೇ ಟ್ರ್ಯಾಕ್ಟರ್ ಹತ್ತಿ, ಪೆನ್‌ಡ್ರೈವ್ ಇಸಿದುಕೊಂಡು, ಅಳಿಸಿ, ಬದಲಿಗೆ ಹೊಸ ಹಾಡು ತುಂಬಿಕೊಟ್ಟೆ. ಸೀರೆಯುಟ್ಟು ಟ್ರ್ಯಾಕ್ಟರ್ ಏರಿ ಇಳಿಯುವ ನನ್ನನ್ನು ನೋಡಲು ಕಬ್ಬು ಕಡಿಯುವ ಟೋಳಿಯ ಹೆಂಗಸರೂ ಬಂದು ನಿಂತರು.

"ಅಳಸೂದಾದರ ಅಳಸ್ರಿ ಬಾಯಾರ, ನನಗ ಬಾಯಿಪಾಠ ಆಗೇತಿ," ಎಂದನೊಬ್ಬ. ಅದನ್ನು ಅಳಿಸುವ ಬಟನ್ ನನ್ನ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಬೋರಗಾಂವದ ಒಬ್ಬ ವಯಸ್ಸಾದ ಚಾಲಕನಂತೂ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಬಿಗಿಹಿಡಿದ. "ನನ್ನದರಾಗ ಇರಲಿ ಬಿಡ್ರಿ. ಇದನ್ನ ಕೇಳಿ ನಿನ್ನೆ ನಾನೂ ಮನಿಗೆ ಫೋನ್ ಮಾಡೇನಿ. ವರ್ಷ ಆಗಿತ್ತು." ಅವನಿಂದ ಇಸಿದುಕೊಳ್ಳಲು ಕಾಲು ಗಂಟೆ ಹಿಡಿಯಿತು. ಸಂಜೆಯ ಹೊತ್ತಿಗೆ ಯಾರ್ಡೆಲ್ಲ ಮುಗಿಯಿತು. ಒಂದು ಗಾಡಿ ಮಾತ್ರ ಬೆಳಿಗ್ಗೆಯೇ ಖಾಲಿಮಾಡಿಕೊಂಡು ಹೊರಟುಹೋಗಿತ್ತು. ಎತ್ತ ಹೋಯಿತೆಂದು ಕೇಳಿದೆ. ಕಾಗವಾಡ ಕಡೆಗೆ ಎಂದರು.

ಆ ಗಾಡಿ ಹೋಗಿ ಹೋಗಿ, ಶೇವಂತಾಬಾಯಿಯ ಅಣ್ಣನ ಮನೆಯ ಮುಂದೆಯೇ ಪಂಕ್ಚರ್ ಆಯಿತು. ಇದನ್ನು ಕಟ್ಟುಕಥೆ ಎಂದವರಿಗೆ ನಾನು ಹೇಳುವುದಿಷ್ಟೆ: ಆ ರಸ್ತೆಯ ಗುಂಡಿ ನೋಡಿ ಬನ್ನಿ. ಚಾಲಕ ಗಾಲಿ ಬಿಚ್ಚುತ್ತ ಕುಳಿತ, ಬೇಸರ ಕಳೆಯಲು ಸ್ಟೀರಿಯೋ ಹಚ್ಚಿಟ್ಟ.

ಶನಿವಾರ ಹನ್ನೊಂದರ ಸುಮಾರಿಗೆ ಎತ್ತರದ ಹೆಂಗಸೊಬ್ಬರು ಅಂಗಡಿಯ ಮೆಟ್ಟಿಲು ಹತ್ತಿದರು. ಇಳಕಲ್ ಸೀರೆ, ಕೈಯಲ್ಲಿ ಚೀಲ.

"ಹಾಡ ತುಂಬೂ ಬಾಯಾರ ನೀವೇನ್ರಿ? ನಾ ಶೇವಂತಾ."

ನಾನು ಎದ್ದು ನಿಂತು ಕೈಮುಗಿದೆ. ತಪ್ಪಾಯಿತೆಂದು ನಾನೂ ತಾಲೀಮು ಮಾಡಿಟ್ಟುಕೊಂಡಿದ್ದೆ, ಅದನ್ನು ಬಿಟ್ಟು ಸ್ಟೂಲು ಒರೆಸಿ ಮುಂದಿಟ್ಟೆ.

"ಹದಿನಾಲ್ಕೂ ಕೇಳೇನಿ," ಎಂದರು ಶೇವಂತಾಬಾಯಿ. "ಮೂವತ್ತೊಂದ ವರ್ಷ ಆತ ಲಗ್ನ ಆಗಿ. 'ಏ', 'ಕೇಳಿತೇನ', ಇಷ್ಟ. ಒಂದ ದಿವಸ ನನ್ನ ಹೆಸರ ಹಿಡದ ಕರದಿದ್ದಿಲ್ಲ. ಕರದರು, ಅದೂ ಟ್ರ್ಯಾಕ್ಟರ್‌ನ್ಯಾಗ." ಬೈಯುತ್ತಿದ್ದಾರೋ ನಗುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಆಮೇಲೆ ಹೇಳಿದರು: "ಎಲ್ಲಾರ ಕಡಿಂದ ತಗದ ಹಾಕ್ರಿ. ನನಗೊಂದ ಕೊಡ್ರಿ."

"ನನ್ನ ಕಡೆ ಈಗ ಇಲ್ಲರಿ, ಅಳಸೇನಿ. ಅವರ ಫೋನಿನ್ಯಾಗ ಐತಿ. ಅವರನ್ನ ಕೇಳದ ನಾ ಇನ್ನ ಯಾರಿಗೂ ಏನೂ ಕೊಡೂದಿಲ್ಲರಿ."

"ನನಗ ಹೇಳಿದ ಮಾತ ನನಗ ಕೊಡಾಕ ಅವರ ಪರವಾನಗಿ ಬೇಕೇನ?"

ಬಾಳಾಸಾಹೇಬರಿಗೆ ಫೋನು ಮಾಡಿದೆ. "ನಿಮ್ಮ ರೆಕಾರ್ಡಿಂಗ್ ಒಬ್ಬರು ಬೇಕಂತಾರ್ರಿ," ಎಂದೆ.

"ಯಾರಿಗೂ ಕೊಡಬ್ಯಾಡ್ರಿ! ಯಾವನವಾ?"

"ಶೇವಂತಾಬಾಯಾರು. ಇಲ್ಲೇ ಕುಂತಾರ."

ಆ ಕಡೆ ಮೈಕ್ ಆರಿಸಿದ ಟಕ್ ಸದ್ದು ಬಂತು. ಆಮೇಲೆ ಸಣ್ಣ ದನಿ: "ಹದಿಮೂರನೇದ ಬ್ಯಾಡಂತ ಹೇಳ್ರಿ. ಅದರಾಗ ಎಮ್ಮಿಗೆ ಬೈದೇನಿ."

"ಅದನ್ನೂ ಕೇಳ್ಯಾರಂತ್ರಿ. ನೀವ ಬರ್ರಿ."

ಅರ್ಧ ಗಂಟೆಯಲ್ಲಿ ಮೋಟರ್ ಸೈಕಲ್ ಬಂದು ನಿಂತಿತು. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಬಾಳಾಸಾಹೇಬರು ಒಳಗೆ ಬಂದರು. ಹೆಂಡತಿಯನ್ನು ನೋಡಿದರು. ಹದಿನಾಲ್ಕು ಸಲ ತಾಲೀಮು ಮಾಡಿದ ಮನುಷ್ಯ, ಐದು ತಾಲೂಕಿಗೆ ಬಾಯಿಪಾಠವಾದ ಮಾತು, ಕಡೆಗೆ ಅವರ ಬಾಯಿಂದ ಬಂದದ್ದು: "ಚಾ ಆತೇನ?"

"ಏನ ಹಾಲ ಹಾಕಿ ಕುಡೀಲಿ?" ಎಂದರು ಶೇವಂತಾಬಾಯಿ.

ನನಗೆ ನಗು ಉಕ್ಕಿ ಬಂತು. ಸ್ಟೂಲು ಎಳೆದುಕೊಂಡು ಕುಳಿತು ಮುಂದಿನದನ್ನೂ ಕೇಳಬೇಕೆಂಬ ಆಸೆ, ಸುಳ್ಳೇಕೆ ಹೇಳಲಿ, ಬಹಳ ಇತ್ತು. ಹತ್ತು ವರ್ಷ ಆ ಅಂಗಡಿಯಲ್ಲಿ ಜನರ ಗುಟ್ಟುಗಳ ಮಧ್ಯೆ ಕುಳಿತು, ಆಡದಿದ್ದರೆ ಸಾಕು, ನಾನು ಸಾಚಾ ಎಂದುಕೊಂಡಿದ್ದೆ. ಆಡದಿರುವುದು ಅರ್ಧ ಮಾತ್ರ. ನಮ್ಮದಲ್ಲದ್ದನ್ನು ತೆಗೆದಿಟ್ಟುಕೊಳ್ಳದಿರುವುದು ಇನ್ನರ್ಧ. ಇಟ್ಟುಕೊಂಡದ್ದು ಒಂದಲ್ಲ ಒಂದು ದಿನ ಟ್ರ್ಯಾಕ್ಟರ್ ಹತ್ತುತ್ತದೆ. ಆ ವಾರವೇ ಸಂಗ್ರಹವನ್ನೆಲ್ಲ ಅಳಿಸಿ, "ಕಾರ್ಡ್ ಬಿಚ್ಚಿಕೊಂಡು ಫೋನು ಕೊಡಿರಿ" ಎಂದು ಬೋರ್ಡ್ ಬರೆಸಿದೆ. ಹಾಡಿನ ಗಿರಾಕಿಗಳು ಪಕ್ಕದಂಗಡಿಗೆ ಹೋದರು. ೨೦೧೯ರಲ್ಲಿ ಅಂಗಡಿ ಬಿಡುವವರೆಗೂ ಆ ಬೋರ್ಡ್ ಅಲ್ಲೇ ಇತ್ತು.

ಆದರೆ ಅದೆಲ್ಲ ಆಮೇಲಿನದು. ಆ ಶನಿವಾರ ನಾನು ಮಾಡಿದ್ದು ಇಷ್ಟೆ: ಎದ್ದೆ, ಅವರಿಬ್ಬರನ್ನೂ ಒಳಗೆ ಬಿಟ್ಟು ಹೊರಬಂದೆ, ಶಟರನ್ನು ಅರ್ಧ ಇಳಿಸಿದೆ. ಮುಕ್ಕಾಲು ಗಂಟೆಯ ನಂತರ ಇಬ್ಬರೂ ಹೊರಬಂದರು. ಫೋನು ಶೇವಂತಾಬಾಯಿಯ ಕೈಯಲ್ಲಿತ್ತು, ಚೀಲ ಬಾಳಾಸಾಹೇಬರ ಕೈಯಲ್ಲಿ. ಮೋಟರ್ ಸೈಕಲ್ ಬೇಡಕಿಹಾಳದ ದಾರಿ ಹಿಡಿಯಿತು.

ಒಳಗೆ ಬಾಳಾಸಾಹೇಬರು ಕಡೆಗೂ ಬಾಯಿಬಿಟ್ಟು ಹೇಳಿದರೋ ಇಲ್ಲವೋ, ಏನು ಹೇಳಿದರು ಎಂದು ಟ್ರ್ಯಾಕ್ಟರ್ ಚಾಲಕರು ನನ್ನನ್ನು ಈಗಲೂ ಕೇಳುತ್ತಾರೆ. ನನಗೆ ಗೊತ್ತಿಲ್ಲ. ನಾನು ಎದುರಿನ ತಳ್ಳುಗಾಡಿಯ ಬಳಿ ಚಹಾ ಕುಡಿಯುತ್ತಿದ್ದೆ.