ಹಾಲಿಗೆ ಹಾಕಿದ ಅರಿಶಿನ

ವರ್ಷಗಟ್ಟಲೆ ಓಡುತ್ತಿರುವ ಒಂದು ಮರಾಠಿ ಧಾರಾವಾಹಿಯನ್ನು ಅದನ್ನು ಬರೆಯುವವರಿಗಿಂತ ನಾನೇ ಚೆನ್ನಾಗಿ ನಡೆಸಬಲ್ಲೆ. ಇದು ಬಡಾಯಿಯಲ್ಲ, ಎರಡು ತಿಂಗಳು ನಡೆಸಿದ್ದೇನೆ. ಸೊಲ್ಲಾಪುರದ ನನ್ನ ಚಾದರದ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ, ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಆ ಲೇಖಕರಿಗೆ ಬುದ್ಧಿ ಹೇಳುವುದು ನನ್ನ ಎರಡನೆಯ ಉದ್ಯೋಗ.

ಹೋದ ವರ್ಷ ಅಕ್ಕಲಕೋಟೆ ಹತ್ತಿರದ ಹನ್ನೂರಿನಿಂದ ನನ್ನ ಸೋದರತ್ತೆ, ಗೌರತ್ತೆ, ಮೊಣಕಾಲು ತೋರಿಸಿಕೊಳ್ಳಲು ಬಂದು ನಮ್ಮಲ್ಲೇ ಉಳಿದಳು. ಮೊಣಕಾಲು ನೆಪ. ಪಂಢರಪುರದ ಕಡೆಯಿಂದ ತಂದ ಸೊಸೆ ಸವಿತಾಳ ಜೊತೆಗಿನ ಮುನಿಸೇ ನಿಜವಾದ ಕಾರಣ.

"ಅಕಿ ಮರಾಠಿ ನನಗ ತಿಳಿಯಂಗಿಲ್ಲೋ ತಮ್ಮಾ. ಕರದರೂ ಬೈದ್ಹಾಂಗ ಕೇಳತದ."

ಗೌರತ್ತೆಗೆ ಸಂತೆಯ ಮರಾಠಿ ಬರುತ್ತದೆ, ಅಳುವ ಮರಾಠಿ ಬರುವುದಿಲ್ಲ. ಹಾಗಾಗಿ ದಿನವೂ ಸಂಜೆ ಧಾರಾವಾಹಿಯನ್ನು ನಾನು ಕನ್ನಡದಲ್ಲಿ ಹೇಳಬೇಕು. ನಮ್ಮ ಕಡೆ ಶ್ರಾವಣದ ಪುರಾಣದಲ್ಲಿ ಒಬ್ಬರು ಪದ್ಯ ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಾರೆ. ಅರ್ಥ ಹೇಳುವವರು ಪದ್ಯಕ್ಕಿಂತ ಕೇಳುವವರ ಮುಖವನ್ನೇ ಹೆಚ್ಚು ನೋಡುತ್ತಾರೆಂಬುದು ನಾನು ಚಿಕ್ಕಂದಿನಿಂದ ಕಂಡ ಸತ್ಯ.

ಧಾರಾವಾಹಿಯ ಸೊಸೆ ಬಂಗಾರದಂಥವಳು. ನೋಡನೋಡುತ್ತ ಗೌರತ್ತೆ ಮೆತ್ತಗಾದಳು. "ನಮ್ಮ ಸವಿತಾನೂ ಹಿಂಗ ಇರಬೇಕು. ನಾನ ತಿಳ್ಕೊಳ್ಳಲಿಲ್ಲ" ಅಂದಳು. ನನಗೆ ಖುಷಿಯಾಯಿತು.

ಅಷ್ಟರಲ್ಲಿ ಲೇಖಕರಿಗೆ ಹೊಸತನದ ಹುಚ್ಚು ಹಿಡಿಯಿತು. ಒಂದು ಸೋಮವಾರ ಆ ಬಂಗಾರದ ಸೊಸೆ ಅತ್ತೆಯ ಹಾಲಿಗೆ ವಿಷ ಬೆರೆಸಿದಳು. ಗುಂಪು ಕೆರಳಿತು. ನನಗೆ ಬೇರೆಯೇ ಚಿಂತೆ.

"ಏನ ಹಾಕಿದಳೋ ತಮ್ಮಾ?"

"ಅರಿಶಿಣ, ಅತ್ತೀ. ಅವರ ಅತ್ತೀಗ ನೆಗಡಿ ಆಗ್ಯಾದ."

ಅಲ್ಲಿಂದ ಎರಡು ತಿಂಗಳು ಕಥೆ ನನ್ನ ಕೈಯಲ್ಲಿತ್ತು. ಆ ಅತ್ತೆ ತಲೆ ತಿರುಗಿ ಬಿದ್ದರೆ ಏಕಾದಶಿಯ ಉಪವಾಸ. ಸೊಸೆ ಅವಳನ್ನು ಕೋಣೆಯಲ್ಲಿ ಕೂಡಿಹಾಕಿದರೆ ವಿಶ್ರಾಂತಿ. ಗೌರತ್ತೆ ಸಮಾಧಾನದಿಂದ ಊರಿಗೆ ಹೊರಟಳು. ಅಕ್ಕಲಕೋಟೆಯ ಬಸ್ಸು ಕಣ್ಮರೆಯಾದ ಮೇಲೆ ನನಗೆ ಹೊಳೆಯಿತು: ಸವಿತಾಳೂ ಅದೇ ಧಾರಾವಾಹಿ ನೋಡುತ್ತಾಳೆ, ಅವಳ ತಾಯಿಮಾತೇ ಮರಾಠಿ. ನನ್ನ ಸುಳ್ಳಿನಿಂದ ಒಂದಾದ ಮನೆ ನನ್ನ ಸುಳ್ಳಿನಿಂದಲೇ ಒಡೆದರೆ? ನಿಜವಾಗಿ ಹೆದರಿದೆ.

ಎರಡು ವಾರ ತಡೆದು ಹನ್ನೂರಿಗೆ ಹೋದೆ. ಟೀವಿ ನಡೆದಿತ್ತು. ಗೌರತ್ತೆಯ ಪಕ್ಕದಲ್ಲಿ ಕೂತ ಸವಿತಾ ತನ್ನ ಹರಕು ಕನ್ನಡದಲ್ಲಿ ಅರ್ಥ ಹೇಳುತ್ತಿದ್ದಳು: "ಪರತ್, ಮತ್ತ, ಹಾಲನ್ಯಾಗ ವಿಷ ಹಾಕತಾಳ, ಆಯಿ." ಹೇಳುತ್ತಲೇ ಎದ್ದುಹೋಗಿ ಒಂದು ಲೋಟ ಹಳದಿ ಹಾಲು ತಂದು ಅತ್ತೆಯ ಕೈಗಿಟ್ಟಳು. ಗೌರತ್ತೆ ಟೀವಿಯಿಂದ ಕಣ್ಣು ಕೀಳದೆ ಅದನ್ನು ಗಟಗಟ ಕುಡಿದಳು.

ಆಮೇಲೆ ನನ್ನ ಕಡೆ ತಿರುಗಿದಳು. "ಸುಳ್ಳ ಹೇಳಿದಿ ಅಂತ ಸಿಟ್ಟಿಲ್ಲೋ ತಮ್ಮಾ. ಖರೇ ಅಂದ್ರ, ನಿನ್ನ ಕಥಿ ಕಡೀಕಡೀಕ ಭಾಳ ಸಪ್ಪಗಾಗಿತ್ತು. ಜಗಳ ಇಲ್ಲಂದ್ರ ಏನ ನೋಡೂದು?"

ಮರುದಿನ ಗುಂಪಿನಲ್ಲಿ ಬೈಗುಳ ಎಂದಿನಂತೆ ನಡೆದಿತ್ತು. ನಾನೂ ಬರೆದೆ. ಕಥೆ ಕೆಟ್ಟದ್ದು ಕೆಟ್ಟದ್ದೇ. ಆದರೆ ಆ ಲೇಖಕರ ಮನೆಯಲ್ಲೂ ಒಬ್ಬ ಗೌರತ್ತೆ ಇರಬೇಕು ಎಂದು ಈಗ ಒಪ್ಪಿಕೊಳ್ಳುತ್ತೇನೆ.