ನಾಗೇಂದ್ರಪ್ಪನವರ ಉತ್ತರಾಣಿ

ಫ್ಲೂ ಜ್ವರದ ವೈರಾಣು ಮೈಗೆ ಹೇಗೆ ಅಂಟಿಕೊಳ್ಳುತ್ತದೆ ಎಂಬುದನ್ನು ಜಗಳೂರಿನ ಜನಕ್ಕೆ ತೋರಿಸಲು ಹೋಗಿ, ಕಾಂಪೌಂಡರ್ ನಾಗೇಂದ್ರಪ್ಪನವರು ತೋರಿಸಿದ್ದು ತಮ್ಮ ಪಟ್ಟಾಪಟ್ಟಿ ಚಡ್ಡಿಯನ್ನು.

ಅದು ೧೯೪೮ರ ಚಳಿಗಾಲ. ಮನೆಮನೆಯಲ್ಲೂ ಕೆಮ್ಮು. ಶಾಲೆಯ ಅಂಗಳದಲ್ಲಿ ಸಭೆ ಸೇರಿಸಿ, ನಾಗೇಂದ್ರಪ್ಪನವರು ಬೇಲಿಬದಿಯಿಂದ ಕಿತ್ತು ತಂದ, ಕೊಕ್ಕೆಮುಳ್ಳಿನ ಕಾಳುಗಳ ಉತ್ತರಾಣಿ ತೆನೆಗಳನ್ನು ಮೇಜಿನ ಮೇಲಿಟ್ಟರು. ಒಂದು ಹಿಡಿ ಕಾಳನ್ನು ಹಿತ್ತಾಳೆ ತಂಬಿಗೆಗೆ ಎಸೆದರು; ಎಲ್ಲ ಜಾರಿ ನೆಲಕ್ಕೆ ಬಿತ್ತು. ಇನ್ನೊಂದು ಹಿಡಿಯನ್ನು ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತಿದ್ದ ಓಬಳಪ್ಪನನ್ನು ಹಿಂದಕ್ಕೆ ತಿರುಗಿಸಿ ಅವನ ಬೆನ್ನಿಗೆ ಎಸೆದರು, ಒಂದೂ ಬೀಳಲಿಲ್ಲ.

“ನೋಡಿದ್ರಾ? ಕೊಕ್ಕೆ ಇದ್ರೆ ಸಾಲದು, ಕೊಕ್ಕೆಗೆ ಹಿಡ್ಕೊಳ್ಳಾಕೆ ಏನಾದ್ರೂ ಬೇಕು! ಕಂಬಳೀಲಿ ರೋಮ ಐತೆ, ಹಿಡ್ಕೊಂತು. ತಂಬಿಗೇಲಿ ಇಲ್ಲ, ಜಾರ್ತು. ಜ್ವರದ ಹುಳಾನೂ ಹಿಂಗೇಯ!”

ಇನ್ನೂ ಹತ್ತಿರದಿಂದ ತೋರಿಸೋಣವೆಂದು ಬಗ್ಗಿದರು. ಪಂಚೆಯ ಅಂಚು ಕಂಬಳಿಗಂಟಿದ್ದ ಉತ್ತರಾಣಿಯ ಮುಳ್ಳಿಗೆ ಸಿಕ್ಕಿಕೊಂಡಿತು. ಅದು ತಿಳಿಯದ ಓಬಳಪ್ಪ ಹಿಂದಿನ ಸಾಲಿನವರೂ ತನ್ನ ಬೆನ್ನು ನೋಡಲಿ ಎಂಬ ಉಪಕಾರಬುದ್ಧಿಯಿಂದ ಎದ್ದು ನಾಲ್ಕು ಹೆಜ್ಜೆ ನಡೆದ. ಮೊದಲೇ ಸಡಿಲವಾಗಿದ್ದ ಪಂಚೆ ಅವನ ಹಿಂದೆಯೇ ಹೊರಟಿತು.

“ಕಂಪೌಂಡ್ರೆ, ಅಂಟೋದು ತಿಳೀತು!” ಹಿಂದಿನಿಂದ ಯಾರೋ ಕೂಗಿದರು. “ಈಗ ಬಿಡಿಸಾಕೆ ಬರ್ತೈತಾ ಹೇಳ್ರಿ!”

ನಾಗೇಂದ್ರಪ್ಪನವರ ಬದುಕಿನಲ್ಲಿ ಅಲ್ಲಿಯವರೆಗೆ ಇಂಥ ಪ್ರಕಟಣೆಗಳು ಕಡಿಮೆ. ಹುಟ್ಟಿದ್ದು ಉಬ್ರಾಣಿಯಲ್ಲಿ. ಚನ್ನಗಿರಿಯ ಆಸ್ಪತ್ರೆಯಲ್ಲಿ ಸೀಸೆ ತೊಳೆದರು, ಹೊನ್ನಾಳಿಯಲ್ಲಿ ಮಿಕ್ಸ್ಚರ್ ಕಲಸಿದರು, ನ್ಯಾಮತಿಯಲ್ಲಿ ಸಾವಂತ್ರಮ್ಮನನ್ನು ಮದುವೆಯಾದರು. ಸೀಸೆಯ ಮೇಲೆ ‘ಕುಲುಕಿ ಕುಡಿಯಿರಿ’ ಎಂದು ಬರೆಯುತ್ತಿದ್ದವರು, ಮದುವೆಯಾದ ಮೇಲೆ ಕುಲುಕಿಸಿಕೊಳ್ಳುವ ಕಡೆಗೆ ಸೇರಿದರು.

ಆಮೇಲೆ ಒಂದು ಬೇಸಿಗೆ ಸರ್ಕಾರ ಅವರನ್ನು ಬೆಂಗಳೂರಿನ ಪ್ರಯೋಗಶಾಲೆಯೊಂದಕ್ಕೆ ಎರವಲು ಕೊಟ್ಟಿತು. ಅಲ್ಲಿ ಅವರ ಪಾಲಿಗೆ ಬಂದದ್ದು ಮೊಟ್ಟೆ. ಮನೆತನದಲ್ಲಿ ಯಾರೂ ಮೊಟ್ಟೆ ಮುಟ್ಟಿದವರಲ್ಲ. ಇವರು ದಿನವಿಡೀ ದೀಪಕ್ಕೆ ಹಿಡಿದು ಒಳಗೆ ಮರಿ ಆಡುತ್ತಿದೆಯೇ ಎಂದು ನೋಡಬೇಕು. ಫ್ಲೂ ವೈರಾಣುವನ್ನು ಬೆಳೆಸುತ್ತಿದ್ದುದು ಅದರಲ್ಲೇ.

“ಮೊಟ್ಟೆ ಒಡೆಯಾಕೆ ಸರ್ಕಾರ ಸಂಬಳ ಕೊಡ್ತೈತೇನ್ರೀ?” ಎಂದು ಸಾವಂತ್ರಮ್ಮ ಬಾಗಿಲಲ್ಲೇ ಬಿಸಿನೀರಿನ ಹಂಡೆ ಇಟ್ಟುಕೊಂಡು ನಿಲ್ಲುತ್ತಿದ್ದಳು. “ಅಲ್ಲೇ ನಿಲ್ರಿ. ತಲೆ ಮೇಲೆ ನೀರು ಬೀಳೋತನಕ ಹೊಸ್ತಿಲು ದಾಟಬ್ಯಾಡ್ರಿ.”

ಆದರೆ ಆ ಬೇಸಿಗೆಯಲ್ಲಿ ನಾಗೇಂದ್ರಪ್ಪನವರು ಒಂದು ಚೋದ್ಯ ಕಂಡಿದ್ದರು. ಗಾಜಿನ ನಳಿಕೆಯಲ್ಲಿ ಕೋಳಿಯ ರಕ್ತದ ಕೆಂಪು ಕಣಗಳನ್ನು ಬಿಟ್ಟರೆ ಅವು ಮೆಲ್ಲಗೆ ಇಳಿದು ತಳದಲ್ಲಿ ಕುಂಕುಮದ ಬೊಟ್ಟಿನಂತೆ ಕೂರುತ್ತವೆ. ವೈರಾಣು ಬೆರೆಸಿದರೆ ಬೊಟ್ಟು ಕೂರುವುದಿಲ್ಲ. ವೈರಾಣುವಿನ ಮೈತುಂಬ ಮೊಳೆ. ಒಂದು ಮೊಳೆ ಈ ಕಣವನ್ನು ಹಿಡಿದರೆ ಇನ್ನೊಂದು ಆ ಕಣವನ್ನು ಹಿಡಿಯುತ್ತದೆ. ಕಣಗಳೆಲ್ಲ ಕೈಕೈ ಹಿಡಿದು ತಳದ ತುಂಬ ಬಲೆಯಂತೆ ಹರಡುತ್ತವೆ. ಮೊಳೆಗೆ ಸಿಗುವುದು ಕಣದ ಮೈಮೇಲಿನ ಒಂದು ತುದಿ ಮಾತ್ರ. ಆ ತುದಿಯಿಲ್ಲದಿದ್ದರೆ ವೈರಾಣು ತಂಬಿಗೆಯ ಮೇಲಿನ ಉತ್ತರಾಣಿ. ನಮ್ಮ ಗಂಟಲಿನ ಒಳಪದರಿಗೂ ಅಂಥದೇ ತುದಿಗಳಿವೆ. ಜ್ವರ ಮನೆ ಹೊಗುವುದು ಆ ಬಾಗಿಲಿನಿಂದ. ಇನ್ನೂ ಸೋಜಿಗವೆಂದರೆ, ನಳಿಕೆಯನ್ನು ಬೆಚ್ಚಗಿಟ್ಟರೆ ವೈರಾಣು ತಾನು ಹಿಡಿದಿದ್ದ ತುದಿಯನ್ನು ತಾನೇ ಕತ್ತರಿಸಿಕೊಂಡು ಬಿಟ್ಟುಹೋಗುತ್ತದೆ. ಆ ಕಣಕ್ಕೆ ಮತ್ತೆ ಹೊಸ ವೈರಾಣು ಬಂದರೂ ಹಿಡಿಯಲು ಏನೂ ಉಳಿದಿರುವುದಿಲ್ಲ.

ಆ ಮೊಳೆ ಹೀಮಗ್ಲುಟಿನಿನ್ ಎಂಬ ಪ್ರೋಟೀನು, ಆ ತುದಿ ಸಿಯಾಲಿಕ್ ಆಮ್ಲವೆಂಬ ಸಕ್ಕರೆಯ ಬಳಗದ್ದು ಎಂದೆಲ್ಲ ನಾವು ಈಗ ಹೇಳುತ್ತೇವೆ. ನಾಗೇಂದ್ರಪ್ಪನವರ ಕಾಲಕ್ಕೆ ಅದು ಸಕ್ಕರೆಯಂಥದ್ದು ಇರಬಹುದೆಂಬ ಊಹೆ ಮಾತ್ರ. ಅವರಿಗೆ ಊಹೆ ಬೇಕಿರಲಿಲ್ಲ, ಉಪಮೆ ಬೇಕಿತ್ತು. ಜಗಳೂರಿಗೆ ವರ್ಗವಾಗಿ ಬಂದಾಗ ಬೇಲಿಯಲ್ಲಿ ಉತ್ತರಾಣಿ ಕಂಡಿತು. ಎಲ್ಲದಕ್ಕೂ ಉತ್ತರ ಸಿಕ್ಕಂತಾಯಿತು.

ಸಭೆಯಾಗಿ ಮೂರನೆಯ ದಿನ ಓಬಳಪ್ಪನ ತಂದೆ ಜಂಪಣ್ಣನಿಗೆ ಜ್ವರ ಬಂತು. ಮಿಕ್ಸ್ಚರ್ ಹಿಡಿದು ಹೋದ ನಾಗೇಂದ್ರಪ್ಪನವರು ಅಂಗಳದಲ್ಲೇ ನಿಂತರು. ಮನೆಯ ಕಂಬಳಿಗಳೆಲ್ಲ ಮುಳ್ಳುಬೇಲಿಯ ಮೇಲೆ ಬಿದ್ದಿದ್ದವು. ಒಳಗೆ ಮುದುಕ ಒಂದು ತೆಳು ಪಂಚೆ ಹೊದ್ದು, ಹಲ್ಲು ಕಟಕಟ ಕಡಿಯುತ್ತ ಮಲಗಿದ್ದ. ತುಟಿ ನೀಲಿಗಟ್ಟಿತ್ತು.

“ಕಂಬಳಿ ಯಾಕವ್ವ ಹೊರಗೆ ಹಾಕೀರಿ?”

“ನೀವೇ ಹೇಳಿದ್ರಲ್ರಿ,” ಎಂದಳು ಓಬಳಪ್ಪನ ಹೆಂಡತಿ ಕೆಂಪಕ್ಕ. “ರೋಮ ಇದ್ದಲ್ಲಿ ಜ್ವರದ ಹುಳ ಹಿಡ್ಕೊಂತೈತೆ ಅಂತ. ನಮ್ಮ ಯಜಮಾನ್ರ ಕಂಬಳೀಗೆ ನೀವೇ ಅಂಟಿಸಿ ಕಳಿಸಿದ್ರಿ. ಅದನ್ನೇ ಮಾವ ಹೊದ್ಕೊಂಡ್ರು, ಜ್ವರ ಬಂತು. ಇನ್ನೇನು ಕೇಳ್ತೀರಿ?”

ಅವಳ ತರ್ಕದಲ್ಲಿ ಒಂದು ಎಳೆಯೂ ಬಿಚ್ಚಿರಲಿಲ್ಲ. ಬೀದಿಯುದ್ದಕ್ಕೂ ನೋಡಿದರೆ ಬೇಲಿಬೇಲಿಗೂ ಕಂಬಳಿ. ಊರಿಗೆ ಊರೇ ಜ್ವರದಲ್ಲಿ ಬರಿಮೈಯಾಗಿ ನಡುಗುತ್ತಿತ್ತು. ಶಿವರಾತ್ರಿ ಇನ್ನೂ ದೂರ. ಚಳಿ ಶಿವಶಿವಾ ಎಂದು ಹೊರಡುವ ಲಕ್ಷಣವಿರಲಿಲ್ಲ. ಪಂಚೆ ಕಳಚಿದಾಗ ಆಗದಿದ್ದ ನಾಚಿಕೆ ಈಗ ನಾಗೇಂದ್ರಪ್ಪನವರಿಗೆ ಆಯಿತು. ಈ ಮುದುಕ ಹೋದರೆ ಜ್ವರದಿಂದಲ್ಲ, ನನ್ನ ಉಪಮೆಯಿಂದ ಹೋಗುತ್ತಾನೆ ಎನ್ನಿಸಿತು.

“ಹುಳ ಹಿಡ್ಕೊಳ್ಳೋದು ಕಂಬಳಿ ಅಲ್ಲ ತಾಯಿ, ಗಂಟಲು.”

“ಗಂಟಲಾಗೆ ರೋಮ ಐತೇನ್ರಿ?”

“ರೋಮ ಅಲ್ಲವ್ವ, ಒಂಥರಾ ಸಕ್ಕರೆ.”

“ಸಕ್ಕರೆ!” ಕೆಂಪಕ್ಕ ಕೈ ತಿರುವಿದಳು. “ರೇಷನ್ ಬಂದಾಗಿಂದ ನಮ್ಮ ಮಾವ ಸಕ್ಕರೆ ಮುಖ ನೋಡಿಲ್ಲ. ಇವರ ಗಂಟಲಾಗೆ ಎಲ್ಲಿಂದ ಬರ್ಬೇಕು?”

ನಾಗೇಂದ್ರಪ್ಪನವರು ಬೇಲಿಗೆ ಹೋಗಿ, ಉತ್ತರಾಣಿ ಅಂಟಿದ್ದ ಅದೇ ಕಂಬಳಿಯನ್ನು ಎಳೆದು ತಂದರು. ಅರ್ಧ ಜಂಪಣ್ಣನಿಗೆ ಹೊದಿಸಿ, ಉಳಿದರ್ಧ ತಾವು ಹೊದ್ದು, ಪಕ್ಕದಲ್ಲೇ ಕೂತರು.

“ಕಂಬಳಿಯಿಂದ ಜ್ವರ ಬರೋದಾದ್ರೆ ನನಗೂ ಬರ್ಲಿ. ಊರೆಲ್ಲ ನೋಡ್ಲಿ.”

ಊರೆಲ್ಲ ಬಂದು ನೋಡಿತು. ಕಂಬಳಿಯೊಳಗಿಂದ ಜಂಪಣ್ಣ, “ಬೆಚ್ಚಗೈತೆ ಕಣಪ್ಪ,” ಎಂದು ಅವರ ಮುಖಕ್ಕೇ ಕೆಮ್ಮಿದ.

ಎರಡು ದಿನ ಕಳೆಯುವುದರೊಳಗೆ ನಾಗೇಂದ್ರಪ್ಪನವರಿಗೆ ಜ್ವರ ಬಂತು. ಕೆಮ್ಮು ಮುಖಕ್ಕೆ ಬಿದ್ದರೆ ಬರದೆ ಇರುತ್ತದೆಯೇ? ಆದರೆ ಊರು ಲೆಕ್ಕಕ್ಕೆ ಹಿಡಿದದ್ದು ಆ ಕೆಮ್ಮನ್ನಲ್ಲ, ಕಂಬಳಿಯನ್ನು. ಅಳಿದುಳಿದ ಕಂಬಳಿಗಳೂ ಬೇಲಿಗೇರಿದವು.

“ಕಂಬಳೀಲಿ ಕೂತು ಉಣ್ಣೋವಾಗ ಕೂದಲು ಸಿಕ್ತು ಅಂತಾರಲ್ಲ, ಹಂಗಾತು ನಿಮ್ಮದು,” ಎನ್ನುತ್ತ ಸಾವಂತ್ರಮ್ಮ ಗಂಡನಿಗೆ ಮೂರು ಕಂಬಳಿ ಹೊದಿಸಿ ಮೆಣಸಿನ ಕಷಾಯ ಕುಡಿಸಿದಳು. ಅವರು ಅದರೊಳಗಿಂದಲೇ ಕೇಳುತ್ತಿದ್ದುದು ಒಂದೇ ಮಾತು: “ಜಂಪಣ್ಣನ ಮೇಲೆ ಕಂಬಳಿ ಐತೇನೇ?”

“ನಿಮ್ಮ ಮೇಲೈತೆ. ಸುಮ್ನೆ ಮಲಗ್ರಿ.”

ಅವಳು ತಾನೇ ಹೋಗಿ ನೋಡಿ ಬಂದಿದ್ದಳು. ಕಂಬಳಿ ಮತ್ತೆ ಬೇಲಿಯ ಮೇಲೆ ಬಿದ್ದಿತ್ತು. ಅದನ್ನು ಮಾತ್ರ ಹೇಳಲಿಲ್ಲ.

ಆ ವಾರ ಬಯಲ ಕಡೆಯಿಂದ ಗಾಳಿ ಎದ್ದಿತು. ತಂಬಿಗೆಯ ನೀರು ಬಾಯಿಗಿಟ್ಟರೆ ಹಲ್ಲು ಜುಮ್ಮೆನ್ನುವಂಥ ಚಳಿ. ನಾಗೇಂದ್ರಪ್ಪನವರು ಎದ್ದು ಓಡಾಡುವಂತಾದ ಬೆಳಿಗ್ಗೆ, ನೇರ ಓಬಳಪ್ಪನ ಮನೆಗೆ ನಡೆದರು. ದಾರಿಯಲ್ಲಿ ಬೇಲಿಗಳೆಲ್ಲ ಬೋಳು. ಅಂಗಳದ ಎಳೆಬಿಸಿಲಿನಲ್ಲಿ ಜಂಪಣ್ಣ ಕಿವಿಯವರೆಗೂ ಕಂಬಳಿ ಎಳೆದುಕೊಂಡು ಕೂತು, ಅದಕ್ಕಂಟಿದ್ದ ಉತ್ತರಾಣಿಯನ್ನು ಒಂದೊಂದಾಗಿ ಕೀಳುತ್ತಿದ್ದ.

“ಬಂದ್ಯಾ? ಬಾ. ನೀನು ಬಿತ್ತಿದ್ದು, ನಾನು ಕುಯ್ತಾ ಇದೀನಿ ನೋಡು,” ಎಂದ ಮುದುಕ. ನಾಗೇಂದ್ರಪ್ಪನವರು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಅವರ ಕೈಯೂ ಉತ್ತರಾಣಿ ಕೀಳತೊಡಗಿತು.

ತಿಂಗಳ ನಂತರ ಜಿಲ್ಲೆಯಿಂದ ದೊಡ್ಡ ಡಾಕ್ಟರು ತಪಾಸಣೆಗೆ ಬಂದರು. ಸಭೆಯ ಕಥೆ, ಪಂಚೆಯ ಕಥೆ ಎಲ್ಲ ಅವರ ಕಿವಿಗೆ ಬಿದ್ದಿತ್ತು. ಆದರೂ ನಗದೆ, ನಾಗೇಂದ್ರಪ್ಪನವರನ್ನು ಎದುರಿಗೆ ಕೂರಿಸಿಕೊಂಡು ಆಸೆಯಿಂದ ಕೇಳಿದರು:

“ವೈರಾಣು ಹಿಡಿಯೋ ರೀತೀನ ಹಳ್ಳಿ ಜನಕ್ಕೆ ಹೇಳೋದು ಹೇಗೆ ಅಂತ ನಾವೂ ತಲೆ ಕೆಡಿಸ್ಕೊಂಡಿದೀವಿ, ನಾಗೇಂದ್ರಪ್ಪನವರೇ. ಕಂಬಳಿ ಬಿಸಾಕಿದ್ದ ಜನ ಕೊನೆಗೆ ಮತ್ತೆ ಹೊದ್ಕೊಂಡ್ರಲ್ಲ, ನೀವು ಅದೇನು ಹೇಳಿ ಒಪ್ಪಿಸಿದ್ರಿ?”

ನಾಗೇಂದ್ರಪ್ಪನವರು ಪಂಚೆಯ ಗಂಟನ್ನು ಒಮ್ಮೆ ಬಿಗಿ ಮಾಡಿಕೊಂಡರು.

“ನಾನೇನೂ ಹೇಳ್ಲಿಲ್ಲ ಸ್ವಾಮಿ. ಚಳಿ ಜಾಸ್ತಿ ಆಯ್ತು.”