ಜೋಮು ಹಿಡಿದ ಬೆರಳು

ಚಳಿಯ ವಿಷಯದಲ್ಲಿ ನನ್ನ ಜೊತೆ ಯಾರೂ ವಾದಕ್ಕೆ ಬರಬಾರದು. ಹಿಮ ಬೀಳುವ ಈ ಪರದೇಶದಲ್ಲಿ, ವಾನ್ ಎಂಬ ಊರಿನ ಗೋದಾಮೊಂದರಲ್ಲಿ, ಲಾರಿಗಳಿಗೆ ಸರಕು ತುಂಬುವ ಕಡೆ ನಾನು ಶಿಫ್ಟ್ ಸೂಪರ್‌ವೈಸರ್. ಅಲ್ಲಿ ಬಾಗಿಲು ಸದಾ ತೆರೆದೇ ಇರುತ್ತದೆ. ಗ್ಲೌಸ್ ಇಲ್ಲದೆ ಬಂದ ಆರಡಿ ಆಳುಗಳನ್ನು ಬೈದು ವಾಪಸ್ ಕಳಿಸಿದ್ದೇನೆ. ಪ್ರಥಮ ಚಿಕಿತ್ಸೆಯ ತರಬೇತಿಯೂ ಆಗಿದೆ. ಆದರೆ ಥಾರ್ನ್‌ಹಿಲ್‌ನ ನಮ್ಮ ಮನೆಯಲ್ಲಿ ಈ ಜೋರು ನಡೆಯುತ್ತಿರಲಿಲ್ಲ. ಅಲ್ಲಿ ಮೈಸೂರಿನಿಂದ ಬಂದಿದ್ದ ಅತ್ತೆಯವರಿದ್ದರು.

೨೦೧೮ರ ಸಂಕ್ರಾಂತಿಗೆ ಮೊದಲೇ ಫೋನಿನಲ್ಲಿ ವಿಪರೀತ ಚಳಿಯ ಎಚ್ಚರಿಕೆ ಬಂದಿತ್ತು. ಈ ಸಲ ರಂಗೋಲಿಯನ್ನು ಒಳಗೇ ಹಾಕೋಣ ಎಂದೆ.

"ಒಳಗೆ ಹಾಕಿದ್ರೆ ಅದು ದೇವರಮನೆ ರಂಗೋಲಿ. ಹಬ್ಬದ ದಿನ ಬಾಗಿಲು ಬೋಳಾಗಿರ್ಬೇಕಾ?" ಎಂದರು ಅತ್ತೆ. ಅವರು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು.

ಹಬ್ಬದ ಬೆಳಿಗ್ಗೆ ನಾನು ಪೊಂಗಲ್ ತಿರುವುತ್ತಿದ್ದಾಗ ಅವರು ಹೊರಗೆ ಹೋಗಿಬಿಟ್ಟಿದ್ದರು. ಕೋಟು, ಟೋಪಿ, ಬೂಟು ಎಲ್ಲ ಸರಿಯಾಗಿಯೇ ಹಾಕಿಕೊಂಡಿದ್ದರು. ಬಲಗೈ ಮಾತ್ರ ಬರಿಗೈ, ಗ್ಲೌಸ್ ಹಾಕಿಕೊಂಡು ಚುಕ್ಕಿ ಇಡಲಾದೀತೇ? ಸಾಲದ್ದಕ್ಕೆ ಪದ್ಧತಿಯಂತೆ ಮೊದಲು ನೀರು ಚಿಮುಕಿಸಿದ್ದರು. ನೀರು ಬಿದ್ದಲ್ಲೇ ಮಂಜುಗಡ್ಡೆಯಾಗಿತ್ತು. ಒದ್ದೆ ಕೈಯನ್ನು ಕೋಟಿಗೆ ಒರೆಸಿಕೊಂಡು, ಆ ಮಂಜುಗಡ್ಡೆಯ ಮೇಲೆಯೇ ಕಬ್ಬಿನ ಜಲ್ಲೆ, ಪೊಂಗಲ್ ಮಡಕೆ ಎಲ್ಲ ಬಿಡಿಸಿ, ಗೆದ್ದ ಮುಖದಲ್ಲಿ ಒಳಗೆ ಬಂದರು.

"ಬೆರಳು ಜೋಮು ಹಿಡಿದಿದೆ ಕಣೇ, ಅಷ್ಟೇ" ಎಂದು ಕೈ ಉಜ್ಜಿಕೊಳ್ಳತೊಡಗಿದರು. ಬೆರಳ ತುದಿಗಳು ಬೆಳ್ಳಗಿದ್ದವು. ರಂಗೋಲಿ ಪುಡಿ ಎಂದು ಅವರೂ ಅಂದುಕೊಂಡರು, ನಾನೂ ಅಂದುಕೊಂಡೆ. ತೊಳೆದುಕೊಳ್ಳಲು ಸಿಂಕಿನ ಹತ್ತಿರ ಕರೆದೆ. ಪುಡಿ ಹೋಯಿತು, ಬಿಳುಪು ಹೋಗಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿಗಳು ಮೇಣದ ಹಾಗಿದ್ದವು. ಉಗುರಿನಿಂದ ಒತ್ತಿದೆ. ಅವರಿಗೆ ಗೊತ್ತೇ ಆಗಲಿಲ್ಲ.

ಜೋಮು ಎಂದಮೇಲೆ ಉಜ್ಜಬೇಕು, ತಟ್ಟಬೇಕು, ಕೊಡವಬೇಕು. ಅದು ನಮಗೆಲ್ಲ ಚಿಕ್ಕಂದಿನಿಂದ ಬಂದ ವೈದ್ಯ. ಅತ್ತೆ ಮತ್ತೆ ಜೋರಾಗಿ ಉಜ್ಜತೊಡಗಿದರು. ನನ್ನವರು ಕೆಟಲಿನ ಬಿಸಿನೀರನ್ನು ಬೋಗುಣಿಗೆ ಸುರಿದುಕೊಂಡು ಓಡಿಬಂದರು. ಚಳಿಗೆ ಹೆಪ್ಪುಗಟ್ಟಿದ ಚರ್ಮವನ್ನು ಉಜ್ಜಿದರೆ ಒಳಗೊಳಗೇ ಗಾಯವಾಗುತ್ತದೆ. ಸ್ಪರ್ಶವೇ ಇಲ್ಲದ ಬೆರಳು ಬಿಸಿನೀರಲ್ಲಿ ಬೆಂದರೂ ತಿಳಿಯುವುದಿಲ್ಲ. ಇದನ್ನೆಲ್ಲ ವಿವರಿಸುವಷ್ಟು ಹೊತ್ತು ನನಗಿರಲಿಲ್ಲ.

"ಉಜ್ಜಬೇಡಿ! ಕೈ ಬಿಡಿ ಅಂದ್ರೆ ಬಿಡಿ!" ಎಂದು ಕಿರುಚಿದೆ. ಗೋದಾಮಿನ ದನಿಯೇ ಅದು.

ಅತ್ತೆಯ ಮೇಲೆ ಹಾಗೆ ದನಿ ಎತ್ತಿದವರು ಅದುವರೆಗೆ ಯಾರೂ ಇರಲಿಲ್ಲ.

"ಅಮ್ಮನ ಹತ್ರ ಹೀಗಾ ಮಾತಾಡೋದು?" ಎಂದರು ನನ್ನವರು.

"ಅದು ಆಮೇಲೆ. ಮೊದಲು ಆ ನೀರನ್ನ ಸಿಂಕಿಗೆ ಸುರೀರಿ."

ಬೆರಳು ಊದಿಕೊಳ್ಳುವ ಮೊದಲೇ ಉಂಗುರ ತೆಗೆಸಿದೆ. ಕೂಸಿಗೆ ನೀರು ಹಾಕುವಾಗ ನೋಡುವಂತೆ ಮೊಣಕೈ ಅದ್ದಿ ಹದ ನೋಡಿ, ಉಗುರುಬೆಚ್ಚಗಿನ ನೀರಿನಲ್ಲಿ ಅವರ ಕೈಯಿಟ್ಟೆ. ಆರಿದಂತೆಲ್ಲ ಬೆಚ್ಚನೆಯ ನೀರು ಬೆರೆಸುತ್ತಾ ಹೋದೆ. ಅತ್ತೆ ಗೋಡೆ ನೋಡುತ್ತಾ ಕೂತಿದ್ದರು, ನನ್ನ ಮುಖ ನೋಡಲಿಲ್ಲ. ಹೆಬ್ಬೆರಳು ಕೆಂಪಾಯಿತು, ನಡುಬೆರಳೂ ಆಯಿತು. ತೋರುಬೆರಳು ಮಾತ್ರ ಹಟ ಹಿಡಿದಿತ್ತು. ನನಗೆ ನಿಜಕ್ಕೂ ಭಯವಾಯಿತು.

ಅಷ್ಟರಲ್ಲಿ ಅತ್ತೆ ಮುಖ ಕಿವುಚಿದರು. "ಅಯ್ಯೋ, ತೋರುಬೆರಳು ಉರೀತಿದೆ ಕಣೇ! ಮೆಣಸಿನಕಾಯಿ ಹಿಂಡಿದ ಹಾಗೆ ಉರೀತಿದೆ!"

ಉರಿ ಬಂತೆಂದರೆ ಬೆರಳಿಗೆ ಜೀವ ಬಂತೆಂದೇ ಅರ್ಥ. ನಾನು ಜೋರಾಗಿ ನಕ್ಕುಬಿಟ್ಟೆ. "ನಗ್ತೀಯಾ?" ಎಂದು ಅವರಿಗೆ ಇನ್ನೂ ಸಿಟ್ಟು ಬಂತು.

ಕ್ಲಿನಿಕ್ಕಿನ ಡಾಕ್ಟರು ಬೆರಳುಗಳನ್ನು ತಿರುಗಿಸಿ ನೋಡಿ, ಸ್ವಲ್ಪ ಸಿಪ್ಪೆ ಏಳಬಹುದು, ಬೇರೇನೂ ಭಯವಿಲ್ಲ ಎಂದರು. ಮನೆಗೆ ಬಂದು ತಳ ಹಿಡಿದ ಪೊಂಗಲನ್ನೇ ತಿಂದೆವು. ಅತ್ತೆ ದಿನವಿಡೀ ನನ್ನೊಡನೆ ಮಾತಾಡಲಿಲ್ಲ. ಆಡದಿದ್ದರೆ ಬಿಡಲಿ ಎಂದುಕೊಂಡೆ. ನಾನೇನೂ ತಪ್ಪು ಮಾಡಿರಲಿಲ್ಲ, ಕ್ಷಮೆ ಕೇಳುವ ಇರಾದೆಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬಾಗಿಲ ಬಳಿ ಕೂತು ಬೂಟು ಹಾಕಿಕೊಳ್ಳುತ್ತಿದ್ದೆ. ಅತ್ತೆ ಮೈಸೂರಿನ ತಂಗಿಗೆ ಫೋನ್ ಮಾಡಿದರು. "ನಿನ್ನೆ ನನ್ ಸೊಸೆ ನನ್ ಮೇಲೆ ಹೇಗೆ ರೇಗಿದ್ಲು ಗೊತ್ತೇನೇ?" ಎನ್ನುವುದು ಕೇಳಿಸಿತು. ಆ ಕಡೆಯಿಂದ ತಂಗಿ ನನ್ನನ್ನು ಏನೋ ಅಂದಿರಬೇಕು.

"ಬಾಯ್ಮುಚ್ಚೇ," ಎಂದರು ಅತ್ತೆ. "ಅವಳು ರೇಗದೇ ಇದ್ದಿದ್ರೆ ಇವತ್ತು ಯಾವ ಬೆರಳಲ್ಲಿ ನಿನಗೆ ಫೋನ್ ಒತ್ತುತ್ತಿದ್ದೆ?"